ನೆಪೋಲಿಯನ್‌ನ ಜಠರದಲ್ಲಿ ಇದ್ದದ್ದು ಹುಣ್ಣೋ, ಗಡ್ಡೆಯೋ, ಜಡ್ಡೋ?

ಎಲ್ಲರಿಗೂ ನಮಸ್ಕಾರ.

ನೆಪೋಲಿಯನ್ ಯಾವ ಕಾಯಿಲೆಯಿಂದ ಸತ್ತ ಅನ್ನುವ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಮೂರು ದಿನದಿಂದ ಒಂದೇ ವಾಕ್ಯ ಹೊಡೆದು ಹಾಕುವುದು, ಮತ್ತೆ ಬರೆಯುವುದು, ಇಷ್ಟೇ ಆಗಿದೆ. ಪದ ಸಿಗುತ್ತಿಲ್ಲ ಅಂತಲ್ಲ. ಸಿಗುವ ಪ್ರತಿ ಪದವೂ ಏನೋ ಒಂದು ತೀರ್ಪು ಕೊಟ್ಟುಬಿಡುತ್ತದೆ.

1821ರ ಮೇ 5ರಂದು, ಬ್ರಿಟಿಷರು ಸೆರೆಯಿಟ್ಟಿದ್ದ ಸೇಂಟ್ ಹೆಲೆನಾ ದ್ವೀಪದಲ್ಲಿ ಅವನು ಸತ್ತ. ಮಾರನೇ ದಿನ ಅವನು ವಾಸವಿದ್ದ ಲಾಂಗ್‌ವುಡ್ ಮನೆಯಲ್ಲೇ ಹೆಣ ಕೊಯ್ದು ನೋಡಿದರು. ಕೊಯ್ದವನು ಅವನ ಸ್ವಂತ ವೈದ್ಯ, ಕಾರ್ಸಿಕಾದ ಆಂತೋಮಾರ್ಕಿ. ಸುತ್ತ ನಿಂತಿದ್ದ ಬ್ರಿಟಿಷ್ ವೈದ್ಯರು ತಮ್ಮದೇ ಒಂದು ವರದಿ ಬರೆದರು. ಅದಕ್ಕೆ ಆಂತೋಮಾರ್ಕಿ ಸಹಿ ಹಾಕಲಿಲ್ಲ. ನನ್ನ ತೊಂದರೆ ಇರುವುದು ಆ ಇಂಗ್ಲಿಷ್ ವರದಿಯಲ್ಲಿ. ಜಠರದ ಒಳಮೈ ಹೆಚ್ಚುಕಡಿಮೆ ಪೂರ್ತಿ ಕ್ಯಾನ್ಸರ್ ಆಗಿತ್ತು, ಇಲ್ಲವೇ ಕ್ಯಾನ್ಸರ್ ಆಗುವ ಹಾದಿಯಲ್ಲಿದ್ದ 'ಸ್ಕಿರಸ್' ಭಾಗಗಳಿಂದ ತುಂಬಿತ್ತು ಎಂದು ಅದು ಹೇಳುತ್ತದೆ. ಈ ಸ್ಕಿರಸ್‌ಗೆ ಏನು ಬರೆಯೋಣ?

ಗ್ರೀಕ್ ಮೂಲದಲ್ಲಿ ಅದರ ಅರ್ಥ 'ಗಟ್ಟಿ', ಅಷ್ಟೇ. ಆ ಕಾಲದ ವೈದ್ಯರ ಲೆಕ್ಕದಲ್ಲಿ ಮೊದಲು ಮಾಂಸ ಗಟ್ಟಿಯಾಗುತ್ತದೆ, ಆಮೇಲೆ ಅದೇ ಕ್ಯಾನ್ಸರ್‌ಗೆ ತಿರುಗುತ್ತದೆ. 'ಗಡ್ಡೆ' ಎಂದು ಬರೆದು ನೋಡಿದೆ. ಸರಿಹೋಗಲಿಲ್ಲ. ಗಡ್ಡೆ ಅಂದರೆ ಕಿತ್ತು ಪಕ್ಕಕ್ಕಿಡಬಹುದಾದ ದುಂಡನೆಯ ವಸ್ತು ಕಣ್ಣಿಗೆ ಬರುತ್ತದೆ. ಇಲ್ಲಿ ಜಠರದ ಗೋಡೆಯೇ ಬಿರುಸಾಗಿದೆ. 'ಗಂಟು', 'ಗಂತಿ' ಬರೆದರೂ ಅದೇ ಕಷ್ಟ.

ಆಗ ಹೊಳೆದದ್ದು 'ಜಡ್ಡು'. ಗುದ್ದಲಿ ಹಿಡಿದು ಹಿಡಿದು ಅಂಗೈ ಜಡ್ಡುಗಟ್ಟುತ್ತದೆ ಅಲ್ವಾ? ಬೇರೆ ವಸ್ತು ಬಂದು ಸೇರಿದ್ದಲ್ಲ, ಇದ್ದ ಚರ್ಮವೇ ದಪ್ಪವಾಗಿ, ಗಡುಸಾಗಿ, ಸ್ಪರ್ಶ ಕಳೆದುಕೊಂಡದ್ದು. ಸ್ಕಿರಸ್‌ಗೆ ಇದಕ್ಕಿಂತ ಹತ್ತಿರದ ಮಾತು ನನಗಂತೂ ಕಾಣಲಿಲ್ಲ. ಮೇಲಾಗಿ ಉತ್ತರದ ಕಡೆಯ ಮಾತಿನಲ್ಲಿ ಜಡ್ಡು ಅಂದರೆ ಕಾಯಿಲೆಯೇ. ಗಟ್ಟಿಯಾದದ್ದು, ಕಾಯಿಲೆಯಾದದ್ದು, ಎರಡೂ ಒಂದೇ ಪದದಲ್ಲಿ! ಆದರೆ ಒಂದು ಅಳುಕು. ಪತ್ರಿಕೆಗಳು ಈ ಪದವನ್ನು ಆಡಳಿತಕ್ಕೆ, ಮನಸ್ಸಿಗೆ ಹಚ್ಚಿ ಹಚ್ಚಿ ಅದೇ ಜಡ್ಡುಗಟ್ಟಿ ಹೋಗಿದೆ. 'ಜಡ್ಡುಗಟ್ಟಿದ ಜಠರ' ಎಂದು ಓದಿದವರು ನಕ್ಕುಬಿಟ್ಟರೆ?

ಇನ್ನು ಹುಣ್ಣು. ಜಠರದ ಕೆಳಬಾಯಿಯಿಂದ, ಅಂದರೆ ಪೈಲೋರಸ್‌ನಿಂದ, ಒಂದು ಇಂಚು ದೂರದಲ್ಲಿ ಹುಣ್ಣು ಗೋಡೆಯನ್ನೇ ಕೊರೆದಿತ್ತು. ಕಿರುಬೆರಳು ತೂರುವಷ್ಟು ತೂತು. ಪಕ್ಕದ ಪಿತ್ತಜನಕಾಂಗ (ಲಿವರ್) ಅಲ್ಲಿಗೆ ಅಂಟಿಕೊಂಡು ಆ ತೂತನ್ನು ಮುಚ್ಚಿತ್ತು. (ಗ್ರೀಕಿನಲ್ಲಿ ಪೈಲೋರಸ್ ಅಂದರೆ ಬಾಗಿಲು ಕಾಯುವವನು. 'ದ್ವಾರಪಾಲಕ' ಎಂದು ಬರೆಯುವ ಆಸೆಯನ್ನು ಕಷ್ಟಪಟ್ಟು ತಡೆದುಕೊಂಡಿದ್ದೇನೆ.) ಕನ್ನಡದಲ್ಲಿ ಹುಣ್ಣು ಮಾಯುವಂಥದ್ದು. ಬಾಯಿಹುಣ್ಣು ನಾಲ್ಕು ದಿನಕ್ಕೆ ಹೋಗುತ್ತದೆ. ಸುಮ್ನೆ 'ಜಠರದ ಹುಣ್ಣಿನಿಂದ ಸತ್ತ' ಎಂದು ಬರೆದರೆ, ಹೊಟ್ಟೆಯುರಿ ಜಾಸ್ತಿಯಾಗಿ ಸತ್ತ ಎಂದುಕೊಳ್ಳುತ್ತಾರೆ. ಹಳೆಯ ವರದಿಗಳನ್ನು ಮತ್ತೆ ಓದಿದ ವೈದ್ಯರು 2007ರಲ್ಲಿ ಹೇಳಿದ್ದು, ಅದು ಕನಿಷ್ಠ 10 ಸೆಂಟಿಮೀಟರ್ ಉದ್ದವಿತ್ತು, ಮುಂದುವರಿದ ಕ್ಯಾನ್ಸರೇ ಹುಣ್ಣಾಗಿತ್ತು ಎಂದು. ಕೆಲವರು ಬಳಸುವ 'ಏಡಿಹುಣ್ಣು' ಇಲ್ಲಿ ಚೆನ್ನಾಗಿ ಕೂರುತ್ತದೆ. ಕ್ಯಾನ್ಸರ್ ಎಂಬ ಪದದೊಳಗೂ ಏಡಿಯೇ ಇದೆ. 'ಅರ್ಬುದ' ಮಾತ್ರ ಬೇಡ. ಅದನ್ನು ಓದಿ ಯಾರಿಗೂ ಹೊಟ್ಟೆ ಚುರ್ ಅನ್ನುವುದಿಲ್ಲ.

ಪಿತ್ತಜನಕಾಂಗದ ಬಗ್ಗೆ ಒಂದು ಮಾತು. ದಯವಿಟ್ಟು ಅದನ್ನು 'ಪಿತ್ತಕೋಶ' ಎಂದು ಬರೆಯಬೇಡಿ, ಪಿತ್ತಕೋಶ ಪಿತ್ತ ತುಂಬುವ ಚೀಲ. ಈ ವಿಷಯದಲ್ಲಂತೂ ಅಂಗ ತಪ್ಪಿದರೆ ರಾಜಕೀಯವೇ ತಪ್ಪುತ್ತದೆ. ಪಿತ್ತಜನಕಾಂಗ ಕೆಟ್ಟಿದೆ ಎಂದರೆ ದ್ವೀಪದ ಹವೆ ಕೆಟ್ಟದ್ದು ಎಂದಾಗುತ್ತಿತ್ತು, ಅಲ್ಲಿ ಇಟ್ಟ ಬ್ರಿಟಿಷರ ಮೇಲೆ ತಪ್ಪು ಬರುತ್ತಿತ್ತು. ಪಿತ್ತಜನಕಾಂಗ 'ಸಹಜಕ್ಕಿಂತ ಬಹುಶಃ ತುಸು ದೊಡ್ಡದು' ಎಂದು ಇಂಗ್ಲಿಷ್ ವರದಿಯಲ್ಲಿದ್ದ ಸಾಲನ್ನು ದ್ವೀಪದ ಬ್ರಿಟಿಷ್ ಗವರ್ನರ್ ಹಡ್ಸನ್ ಲೋ ತೆಗೆಸಿಹಾಕಿದ. ಇದನ್ನೇ ನಾನು 'ಊದಿಕೊಂಡಿತ್ತು' ಎಂದು ಬರೆದರೆ, ಪಿತ್ತಜನಕಾಂಗವೇ ಕೆಟ್ಟಿತ್ತು ಎನ್ನುತ್ತಿದ್ದ ಆಂತೋಮಾರ್ಕಿಯ ಪಕ್ಷ ಸೇರಿದ ಹಾಗೆ. ಹಾಗಾಗಿ 'ತುಸು ದೊಡ್ಡದು' ಅಂತಲೇ ಇಡುತ್ತೇನೆ.

ಕೊನೆಯದು, ನನಗೆ ಎಲ್ಲಕ್ಕಿಂತ ತಲೆನೋವಿನದು, ಆರ್ಸೆನಿಕ್ ಎಂಬ ವಿಷವಸ್ತು. 1961ರಲ್ಲಿ ಸ್ವೀಡನ್‌ನ ದಂತವೈದ್ಯ ಫೋರ್ಶುಫ್ವುಡ್ ಮತ್ತು ಜೊತೆಗಾರರು ನೆಪೋಲಿಯನ್‌ನ ಕೂದಲಲ್ಲಿ ಆರ್ಸೆನಿಕ್ ಜಾಸ್ತಿ ಇದೆ ಎಂದು ತೋರಿಸಿದರು. ಕೊಲೆಯ ಕಥೆ ಜೋರಾಯಿತು. 2008ರಲ್ಲಿ ಇಟಲಿಯ ವಿಜ್ಞಾನಿಗಳು ಅವನ ಬಾಲ್ಯದ ಕೂದಲು, ಮೊದಲ ಸಲ ಗಡಿಪಾರಾಗಿದ್ದ ಎಲ್ಬಾ ದ್ವೀಪದ ಕಾಲದ ಕೂದಲು, ಹೆಂಡತಿ ಜೋಸೆಫೀನ್‌ಳ ಕೂದಲು, ಮಗನ ಕೂದಲು, ಎಲ್ಲವನ್ನೂ ಅಳೆದರು. ಎಲ್ಲದರಲ್ಲೂ ಇಂದಿನವರ ಕೂದಲಿಗಿಂತ ಸುಮಾರು 100 ಪಟ್ಟು ಇತ್ತು. ಗೋಡೆಗೆ ಅಂಟಿಸುವ ಕಾಗದದ ಹಸಿರು ಬಣ್ಣದಲ್ಲೂ ಆರ್ಸೆನಿಕ್ ಇರುತ್ತಿದ್ದ ಕಾಲ ಅದು.

ಇದನ್ನು ಹೇಗೆ ಹೇಳುವುದು? ಆರ್ಸೆನಿಕ್‌ಗೆ ನಮ್ಮಲ್ಲಿ 'ಪಾಷಾಣ' ಇದೆ. ಮೂಲ ಅರ್ಥ ಕಲ್ಲು. ಆದರೆ ಇಲಿಪಾಷಾಣ ಕೇಳಿದ ಕಿವಿಗೆ 'ಕೂದಲಲ್ಲಿ ಪಾಷಾಣ ಸಿಕ್ಕಿತು' ಅಂದರೆ ಯಾರೋ ಹಾಕಿದ್ದಾರೆ ಅಂತಲೇ. 'ವಿಷಪ್ರಾಶನ' ಇನ್ನೂ ಕೆಟ್ಟದ್ದು. ಅನ್ನಪ್ರಾಶನದಲ್ಲಿ ತುತ್ತಿಡುವ ಕೈ ಇರುವ ಹಾಗೆ, ಇದರಲ್ಲೂ ಒಂದು ಕೈ ಕಾಣುತ್ತದೆ. ನನಗೆ ಬೇಕಾದದ್ದು ಕೈ ಇಲ್ಲದ ಮಾತು. ಸದ್ಯಕ್ಕೆ 'ಮೈಗೆ ಸೇರಿದ ಆರ್ಸೆನಿಕ್' ಎಂದು ಬರೆದಿದ್ದೇನೆ. ಸಪ್ಪೆ, ಆದರೆ ಯಾರನ್ನೂ ಜೈಲಿಗೆ ಹಾಕುವುದಿಲ್ಲ.

ವಾಕ್ಯ ಈಗ ಹೀಗಿದೆ: "ಜಠರದ ಒಳಮೈ ಹೆಚ್ಚುಕಡಿಮೆ ಪೂರ್ತಿ ಏಡಿಹುಣ್ಣಾಗಿತ್ತು, ಇಲ್ಲವೇ ಜಡ್ಡುಗಟ್ಟಿ ಆ ಕಡೆಗೇ ಸಾಗುತ್ತಿತ್ತು." ಜಡ್ಡು ಬೇಡ ಅನ್ನುವವರು ಬೇರೆ ಪದ ಕೊಟ್ಟು ಬೇಡ ಅನ್ನಿ. ಗಡ್ಡೆ ಮಾತ್ರ ಕೊಡಬೇಡಿ.