ಟಿಆರ್3ಎ ಅಥವಾ ಎಂಜಿಎ 1600: ಘಾಟ್‌ಗೆ ಯಾವುದು?

ಮುಲುಂಡ್ ಕನ್ನಡಿಗ:
1960ರ ಸುಮಾರಿನ ಎರಡು ಬ್ರಿಟಿಷ್ ಸ್ಪೋರ್ಟ್ಸ್ ಕಾರು ಕೊಳ್ಳಲು ನೋಡಿದ್ದೇನೆ: ಟ್ರಯಂಫ್ ಟಿಆರ್3ಎ, ಎಂಜಿಎ 1600. ಭಾನುವಾರ ಖಂಡಾಳ ಘಾಟ್ ಹತ್ತಬೇಕು. ಬಿಡಿಭಾಗಗಳ ಕಥೆ ಏನು?

ಡೊಂಬಿವಲಿ ಗ್ಯಾರೇಜ್:
ಘಾಟ್‌ಗೆ ಟಿಆರ್, ಸರ್. 1991 ಸಿಸಿ, ಸುಮಾರು 100 ಎಚ್‌ಪಿ, ಕಡಿಮೆ ಆರ್‌ಪಿಎಂನಲ್ಲೇ ಎಳೆತ. ಎಂಜಿಎ 1588 ಸಿಸಿ, 80ರ ಆಸುಪಾಸು. ಗೇರ್ ಇಳಿಸುತ್ತಲೇ ಇರಬೇಕು. ಮುಂದಿನ ಡಿಸ್ಕ್ ಬ್ರೇಕ್ ಎರಡರಲ್ಲೂ ಇದೆ.

ಆದರೆ ಟಿಆರ್‌ನದು ವೆಟ್ ಲೈನರ್ ಎಂಜಿನ್: ಸಿಲಿಂಡರ್ ಕೊಳವೆಗಳು (ಲೈನರ್) ಬ್ಲಾಕ್‌ನಲ್ಲಿ ಬಿಡಿಯಾಗಿ ಕೂತಿರುತ್ತವೆ, ಸುತ್ತ ಕೂಲಿಂಗ್ ನೀರು. ಹೆಡ್ ಬಿಚ್ಚಿದ ಮೇಲೆ ಲೈನರ್‌ಗಳನ್ನು ಬೋಲ್ಟ್, ವಾಷರ್ ಹಾಕಿ ಒತ್ತಿ ಹಿಡಿಯದೆ ಕ್ರ್ಯಾಂಕ್ ತಿರುಗಿಸಿದರೆ ಲೈನರ್ ಮೇಲೇಳುತ್ತದೆ, ಕೆಳಗಿನ ಗ್ಯಾಸ್ಕೆಟ್ ಸೀಲ್ ಒಡೆದು ನೀರು ಆಯಿಲ್‌ಗೆ ಇಳಿಯುತ್ತದೆ. ಲೈನರ್ ಬ್ಲಾಕ್‌ಗಿಂತ 3ರಿಂದ 5 ಥೌ (ಇಂಚಿನ ಸಾವಿರದ ಒಂದು ಭಾಗ) ಎತ್ತರ ನಿಲ್ಲಬೇಕು. ಡಿಪ್‌ಸ್ಟಿಕ್‌ನಲ್ಲಿ ಹಾಲಿನಂಥ ಆಯಿಲ್ ಕಂಡರೆ ಬೆಲೆ ಮಾತಾಡಲೇಬೇಡಿ.

ಕೋಥ್ರೂಡ್ ರಾವ್:
ಎಂಜಿಎಗೆ ಹಳೆ ಅಂಬಾಸಡರ್ ಪಿಸ್ಟನ್ ಕೂರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದು 1489 ಸಿಸಿಯದು, ಬೋರ್ (ಸಿಲಿಂಡರ್ ವ್ಯಾಸ) 73 ಮಿಮೀ, 1600ರದ್ದು 75.4. ಎಂಜಿನ್ ಕುಟುಂಬ ಒಂದೇ, ಅಳತೆ ಬೇರೆ.

ಮುಂಬೈ ಗಾಳಿಗೆ ಮೊದಲು ಸಿಲ್, ಅಂದರೆ ಬಾಗಿಲ ಕೆಳಗಿನ ಉಕ್ಕಿನ ಪಟ್ಟಿ, ನೋಡಿ. ಎಂಜಿಎ ನೆಲ ಮರದ ಹಲಗೆ. ಮಳೆಗಾಲದಲ್ಲಿ ಕೊಳೆಯುತ್ತದೆ, ಬದಲಾಯಿಸುವುದು ಸುಲಭ. ಸಿಲ್ ತುಕ್ಕು ಹಿಡಿದರೆ ಮಾತ್ರ ಬಾಗಿಲ ಸಂದು ಸರಿಹೋಗದು.

ಡೊಂಬಿವಲಿ ಗ್ಯಾರೇಜ್:
ಇನ್ನೊಂದು, ಈಗಿನ ಎಥನಾಲ್ ಪೆಟ್ರೋಲ್‌ಗೆ ಹಳೆ ರಬ್ಬರ್ ಹೋಸ್ ಉಬ್ಬುತ್ತದೆ. ಎರಡರಲ್ಲೂ ಎಸ್‌ಯು ಕಾರ್ಬ್ಯುರೇಟರ್. ಹೋಸ್, ಸೀಲ್ ಮೊದಲೇ ಬದಲಾಯಿಸಿ.