ಪದಚರ್ಚೆ: ಹಿಪ್‌ಹಾಪ್ ಕುಣಿತದ ‘ಬ್ರೇಕ್’, ‘ಬ್ಯಾಟಲ್’, ‘ಸೈಫರ್’

ಪ್ರಶ್ನೆ

ನಮಸ್ಕಾರ. ಹಿಪ್‌ಹಾಪ್ ಕುಣಿತದ ಬಗೆಗಿನ ಬರಹವೊಂದು ಅನುವಾದವಾಗುತ್ತಿದೆ. ಕರಡಿನಲ್ಲಿ ‘ಬ್ಯಾಟಲ್’ಗೆ ‘ನೃತ್ಯಸಮರ’ ಎಂದೂ ‘ಸೈಫರ್’ಗೆ ‘ಗೂಢಲಿಪಿ’ ಎಂದೂ ಇದೆ. ಎರಡನೆಯದು ತಪ್ಪೆಂದು ಓದಿದ ಕೂಡಲೇ ಗೊತ್ತಾಗುತ್ತದೆ, ಸರಿಯಾದದ್ದು ಮಾತ್ರ ಹೊಳೆಯುತ್ತಿಲ್ಲ. ‘ಬ್ರೇಕ್’ ಎಂದರೆ ಇಲ್ಲಿ ಮುರಿಯುವುದೇ? ‘ಬರ್ನ್’, ‘ಬೈಟ್’ ಎಂಬ ಮಾತುಗಳೂ ಬರುತ್ತವೆ. ಬಲ್ಲವರು ತಿಳಿಸಬೇಕು.

ಉತ್ತರ

ಬ್ರೇಕ್‌ನಿಂದಲೇ ಶುರುಮಾಡೋಣ. ಕೈಕಾಲು ಮುರಿಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಫಂಕ್, ಸೋಲ್ ಎಂಬ ಅಮೆರಿಕದ ಸಂಗೀತಬಗೆಗಳ ಹಾಡುಗಳಲ್ಲಿ ಗಾಯನವೂ ರಾಗದ ವಾದ್ಯಗಳೂ ಸುಮ್ಮನಾಗಿ, ಡ್ರಮ್ಮು, ಕಾಂಗಾದಂಥ ತಾಳವಾದ್ಯಗಳಷ್ಟೇ ಉಳಿಯುವ ಕೆಲವು ಸೆಕೆಂಡುಗಳ ತುಣುಕೇ ಬ್ರೇಕ್. ಸಂಗೀತ ಕಚೇರಿಯ ತನಿ ಆವರ್ತನ ನೆನಪಾದೀತು. ನನಗೆ ಇನ್ನೂ ಹತ್ತಿರ ಕಾಣುವುದು ಯಕ್ಷಗಾನದ ಬಿಡ್ತಿಗೆ. ಅಲ್ಲಿಯೂ ಹಾಡು ಬಿಟ್ಟುಕೊಟ್ಟ ಜಾಗದಲ್ಲೇ ಕುಣಿತ ಬಿರುಸಾಗುವುದು.

1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, 1520 ಸೆಜ್‌ವಿಕ್ ಅವೆನ್ಯೂ ಎಂಬ ಕಟ್ಟಡದಲ್ಲಿ, ಸಿಂಡಿ ಕ್ಯಾಂಪ್‌ಬೆಲ್ ಒಂದು ಪಾರ್ಟಿ ಇಟ್ಟಿದ್ದರು. ಹಾಡು ಹಾಕಿದವರು ಅವರ ಅಣ್ಣ ಕ್ಲೈವ್, ಅಂದರೆ ಜಮೈಕಾದಿಂದ ಬಂದ ಡಿಜೆ ಕೂಲ್ ಹರ್ಕ್. ಕುಣಿಯುವವರು ಬ್ರೇಕ್ ಬರಲೆಂದೇ ಕಾಯುತ್ತಾರೆ ಎಂಬುದನ್ನು ಹರ್ಕ್ ಗಮನಿಸಿದ್ದರು. ಅದಕ್ಕೆ ಒಂದೇ ಹಾಡಿನ ಎರಡು ಗ್ರಾಮಫೋನ್ ತಟ್ಟೆಗಳನ್ನಿಟ್ಟುಕೊಂಡು, ಒಂದರ ಬ್ರೇಕ್ ಮುಗಿಯುತ್ತಿದ್ದಂತೆ ಇನ್ನೊಂದರದ್ದನ್ನು ಹಾಕಿ, ಅಷ್ಟರಲ್ಲಿ ಮೊದಲನೆಯದನ್ನು ಹಿಂದಕ್ಕೆ ತಿರುಗಿಸಿ, ಹತ್ತಾರು ಸೆಕೆಂಡಿನದನ್ನು ನಿಮಿಷಗಟ್ಟಲೆ ಎಳೆಯುವ ಉಪಾಯ ರೂಢಿಗೆ ತಂದರು. ಆ ಹೊತ್ತಿನಲ್ಲಿ ಕುಣಿದವರು ಬಿ-ಬಾಯ್, ಬಿ-ಗರ್ಲ್. ಆ ‘ಬಿ’ ಬ್ರೇಕ್‌ನ ‘ಬಿ’.

‘ಬ್ರೇಕ್ ಡ್ಯಾನ್ಸ್’ 1980ರ ದಶಕದಲ್ಲಿ ಪತ್ರಿಕೆ, ಟಿವಿಗಳು ಹರಡಿದ ಹೆಸರು. ಕುಣಿಯುವವರು ‘ಬ್ರೇಕಿಂಗ್’ ಎನ್ನುತ್ತಾರೆ. ನಮ್ಮಲ್ಲಂತೂ ಬ್ರೇಕ್ ಡ್ಯಾನ್ಸ್ ಎಂದರೆ ಸಿನಿಮಾ ಕುಣಿತ, ಇಲ್ಲವೇ ಜಾತ್ರೆಯಲ್ಲಿ ಗಿರಗಿರ ತಿರುಗಿಸಿ ಹೊಟ್ಟೆ ತೊಳೆಸುವ ಆ ಯಂತ್ರ! ‘ಬ್ರೇಕಿಂಗ್ ಕುಣಿತ’ ಎಂದು ಬರೆಯಿರಿ. ಬರೀ ‘ಬ್ರೇಕಿಂಗ್’ ಎಂದರೆ ಓದುಗರು ಸುದ್ದಿ ಯಾವುದು ಎಂದು ಹುಡುಕುತ್ತಾರೆ.

ಬ್ಯಾಟಲ್, ಅಂದರೆ ಎದುರುಬದುರು ನಿಂತು ಕುಣಿದು ನಡೆಸುವ ಪೈಪೋಟಿಗೆ ‘ಸಮರ’ ಬೇಡ. ಎದುರಾಳಿಯನ್ನು ಮುಟ್ಟುವಂತಿಲ್ಲ ಎಂಬುದೇ ಅದರ ಮೊದಲ ಕಟ್ಟಳೆ. ಬ್ರೂಕ್ಲಿನ್ನಿನ ಅಪ್‌ರಾಕ್ ಕುಣಿತದಲ್ಲಿ ಎರಡು ಗುಂಪು ಎದುರುಬದುರು ಸಾಲಾಗಿ ನಿಂತು, ಹೊಡೆದಂತೆ, ಬಿಲ್ಲೆಳೆದು ಬಾಣ ಬಿಟ್ಟಂತೆ ತಾಳಕ್ಕೆ ಸರಿಯಾಗಿ ಅಭಿನಯಿಸುತ್ತಾರೆ. ಈ ಅಣಕವೇ ‘ಬರ್ನ್’. ಇದಕ್ಕೆ ಪದ ಹುಡುಕಬೇಕಾಗಿಯೇ ಇಲ್ಲ. ‘ಯಾಕೋ ಅವನನ್ನ ಉರಿಸ್ತೀಯ?’ ಎನ್ನುವ ನಮ್ಮ ‘ಉರಿಸು’ ಹೊಂದಿಕೊಂಡು ಕೂರುತ್ತದೆ. ಬ್ಯಾಟಲ್‌ಗೆ ‘ಜೋಡಾಟ’ ಆಗಬಹುದು ಎಂದು ನನ್ನ ಸೂಚನೆ.

ಮತ್ತೊಂದು ಉತ್ತರ

ಬ್ರೇಕ್, ಉರಿಸು ಎರಡನ್ನೂ ಒಪ್ಪುತ್ತೇನೆ ಸರ್, ಜೋಡಾಟವನ್ನು ಒಪ್ಪಲಾರೆ. ಯಕ್ಷಗಾನದ ಜೋಡಾಟದಲ್ಲಿ ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಏಕಕಾಲಕ್ಕೆ ಆಡುತ್ತವೆ. ಬ್ಯಾಟಲ್‌ನಲ್ಲಿ ಒಬ್ಬರು ಕುಣಿಯುವಾಗ ಇನ್ನೊಬ್ಬರು ನಿಂತು ನೋಡಬೇಕು. ಅವರ ಸರದಿ ಮುಗಿದ ಮೇಲೆ ಅದಕ್ಕೆ ಉತ್ತರ ಕೊಡಬೇಕು. ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಹಾಡಿಕೆಯದ್ದೂ ಇದೇ ಕ್ರಮ: ಗಂಡು ಹೆಚ್ಚೆಂದು ಒಂದು ಮೇಳ ಹಾಡಿದರೆ, ಹೆಣ್ಣು ಹೆಚ್ಚೆಂದು ಇನ್ನೊಂದರ ಜವಾಬು. ಆದ್ದರಿಂದ ‘ಸವಾಲ್-ಜವಾಬ್ ಕುಣಿತ’, ಚಿಕ್ಕದು ಬೇಕಿದ್ದರೆ ‘ಜಿದ್ದಿನ ಕುಣಿತ’.

ಒಂದು ಸರದಿ ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಗಿಯುತ್ತದೆ. ನಿಂತು ಹೆಜ್ಜೆ ಹಾಕುವುದು ಟಾಪ್‌ರಾಕ್, ಆಮೇಲೆ ನೆಲಕ್ಕಿಳಿದು ಕೈಯೂರಿ ಕಾಲು ಸುತ್ತಿಸುವುದು ಫುಟ್‌ವರ್ಕ್. ಬೆನ್ನು, ತಲೆಯ ಮೇಲೆ ತಿರುಗುವುದು ಪವರ್ ಮೂವ್. ಕೊನೆಗೆ ಗಕ್ಕನೆ ನಿಲ್ಲುವುದು ಫ್ರೀಜ್. ಇದನ್ನು ‘ಹೆಪ್ಪುಗಟ್ಟು’ ಎಂದು ಅನುವಾದಿಸಿದವರಿದ್ದಾರೆ, ಮೊಸರಿಗಾದರೆ ಸರಿ. ‘ಗಕ್ಕನೆ ನಿಲುವು’ ಎನ್ನಿ. ಬೇಬಿ ಫ್ರೀಜ್ ನೋಡಿ: ಒಂದು ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಎರಡು ಅಂಗೈ ಮತ್ತು ತಲೆಯ ಒಂದು ಪಕ್ಕವನ್ನು ನೆಲಕ್ಕೂರಿ, ಕಾಲೆರಡನ್ನೂ ಎತ್ತಿ ನಿಲ್ಲಿಸುವುದು. ಮೈಭಾರವೆಲ್ಲ ಆ ಮೊಣಕೈ ಮೇಲೆ. ಅದು ಪಕ್ಕೆಯಿಂದ ಜಾರಿತೋ, ಭಾರ ಕುತ್ತಿಗೆಗೆ ಬಿದ್ದು ಉರುಳುತ್ತಾರೆ. ತಾಳದ ಪೆಟ್ಟು ತಪ್ಪಿಸಿ ನಿಂತರೂ ಕಷ್ಟವೇ, ಎಡವಿ ನಿಂತ ಹಾಗೆ ಕಾಣುತ್ತದೆ. ಎದುರಿನವರು ನೆಲ ತಟ್ಟಿ ‘ಕ್ರ್ಯಾಶ್’ ಎಂದು ತೋರಿಸುತ್ತಾರೆ.

ಬೈಟ್ ಎಂದರೆ ಇನ್ನೊಬ್ಬರ ಸ್ವಂತ ಪಟ್ಟನ್ನು ಕದ್ದು ತನ್ನದೆಂದು ಆಡುವುದು. ಎದುರಾಳಿ ಮುಂಗೈಗಳೆರಡನ್ನೂ ಮೊಸಳೆ ಬಾಯಿಯಂತೆ ತೆರೆದು ಮುಚ್ಚಿ ಅದನ್ನು ಸಾರುತ್ತಾನೆ. ‘ಕದ್ದ ಪಟ್ಟು’ ಎಂದರೆ ಅರ್ಥವೇನೋ ಬರುತ್ತದೆ, ಈ ಸನ್ನೆ ಯಾಕೆಂದು ಓದುಗರಿಗೆ ತಿಳಿಯದು. ‘ಎಂಜಲು ಪಟ್ಟು’ ಎಂದು ನೋಡಿ, ಬಾಯಿಯೂ ಬಂತು, ಹೇಸಿಗೆಯೂ ಬಂತು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಬ್ರೇಕಿಂಗ್ ಸ್ಪರ್ಧೆಯಲ್ಲಿ ತೀರ್ಪಿನ ಐದು ಅಳತೆಗಳಲ್ಲಿ ಸ್ವಂತಿಕೆಯೂ ಒಂದಾಗಿತ್ತು. ಅದೇ ಪಟ್ಟಿಯ ‘ವೊಕ್ಯಾಬ್ಯುಲರಿ’ಯನ್ನು ಪದಸಂಪತ್ತು ಮಾಡಿಬಿಟ್ಟೀರಿ, ಜೋಕೆ. ಅದು ಪಟ್ಟುಗಳ ಬಗೆಬಗೆ.

ಇನ್ನು ಸೈಫರ್. ಕುಣಿಯುವವರ ಸುತ್ತ ಜನ ನಿಂತು ಕಟ್ಟುವ ದುಂಡು. ಪದದ ಜಾಡು ಹಿಡಿದರೆ ನಮ್ಮ ಮನೆಗೇ ಬರುತ್ತದೆ. ‘ಶೂನ್ಯ’ವನ್ನು ಅರಬರು ‘ಬರಿದು’ ಎಂಬರ್ಥದ ‘ಸಿಫ್ರ್’ ಎಂದು ಕರೆದರು, ಅದು ಯುರೋಪಿಗೆ ಹೋಗಿ ಸೈಫರ್ ಆಯಿತು. 1964ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಹುಟ್ಟಿದ ಫೈವ್ ಪರ್ಸೆಂಟ್ ನೇಷನ್ ಎಂಬ ಪಂಥದವರು ಸೊನ್ನೆಯನ್ನು 360 ಡಿಗ್ರಿಯ ಪೂರ್ಣ ವೃತ್ತವೆಂದು ಬಗೆದು, ದುಂಡಗೆ ನಿಂತು ಪಾಠ ಒಪ್ಪಿಸುವುದನ್ನೂ ಸೈಫರ್ ಎಂದರು. ಹಿಪ್‌ಹಾಪ್‌ಗೆ ಬಂದದ್ದು ಅಲ್ಲಿಂದ. ಗೂಢಲಿಪಿ ಅದೇ ಬೇರಿನ ಇನ್ನೊಂದು ಕೊಂಬೆ.

ಕನ್ನಡಕ್ಕೆ ‘ಕಣ’ ಸೊಗಸಾಗಿದೆ. ರಾಗಿ ಒಕ್ಕುವ ಕಣವೂ ದುಂಡಗೆ, ‘ಕಣಕ್ಕಿಳಿ’ ಎಂಬ ಮಾತೂ ಬಳಕೆಯಲ್ಲಿದೆ. ತೊಡಕಿರುವುದೂ ಅಲ್ಲೇ. ಕಣಕ್ಕಿಳಿದರು ಎಂದರೆ ಸೋಲು ಗೆಲುವು ಬಂದುಬಿಡುತ್ತದೆ, ಸೈಫರ್‌ನಲ್ಲಿ ತೀರ್ಪುಗಾರರೇ ಇರುವುದಿಲ್ಲ. ಒಬ್ಬರು ಮುಗಿಸಿ ಹೊರಬರುವಾಗ ಇನ್ನೊಬ್ಬರು ಒಳಗೆ ಹೋಗುತ್ತಾರೆ, ಅಷ್ಟೇ. ಮೊದಲ ಸಲ ‘ಸೈಫರ್, ಅಂದರೆ ಕುಣಿಯುವವರ ದುಂಡುಕಣ’ ಎಂದು ಬಿಡಿಸಿ ಹೇಳಿ, ಮುಂದಕ್ಕೆ ‘ದುಂಡುಕಣ’ ಎಂದೇ ಬಳಸಬಹುದು.