ಸಾವಿರ ಬೀಡಿಯ ಲೆಕ್ಕ

ಗುಂಪು: ತರವಾಡು ಮನೆ, ಉಡುಪಿ

ಪುಟ್ಟಿ (ಮಂಗಳೂರು): [ಚಿತ್ರ: ‘ಇಂದಿರಾಬಾಯಿ’ ಕಾದಂಬರಿಯ ಮುಖಪುಟ]
ಇವತ್ತು ತರಗತಿಯಲ್ಲಿ ಇದು ಮುಗಿಯಿತು. 1899ರಲ್ಲಿ ಇಲ್ಲಿಯದೇ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಪುಸ್ತಕ. ಎಳೆಯ ವಯಸ್ಸಿನ ವಿಧವೆ ಮನೆ ಬಿಟ್ಟು ಹೋಗಿ, ಓದು ಕಲಿತು, ಮರುಮದುವೆಯಾಗುತ್ತಾಳೆ. ಇದನ್ನು ಬರೆದ ಗುಲ್ವಾಡಿ ವೆಂಕಟರಾಯರದು ಎಂತಹ ಧೈರ್ಯ!

ಮುಂಬೈ ಮಾವ: ಕಾದಂಬರಿ ಎಂದರೆ ಹೀಗಿರಬೇಕು. ಕಳೆದ ತಿಂಗಳು ನೀನು ಕೊಟ್ಟ ‘ಚಂದ್ರಗಿರಿಯ ತೀರದಲ್ಲಿ’ ಓದಿ ಎರಡು ದಿನ ನಿದ್ದೆ ಬರಲಿಲ್ಲ. ಸೋತು ಸಾಯುವವಳನ್ನು ತೋರಿಸಿ ಹೆಣ್ಣುಮಕ್ಕಳಿಗೆ ಏನನ್ನು ಕಲಿಸುವುದು?

ಪುಟ್ಟಿ: ನಿದ್ದೆ ಬರಲಿಲ್ಲವಲ್ಲ ಮಾವ, ಸಾರಾ ಅಬೂಬಕ್ಕರ್ ಬರೆದದ್ದೇ ಅದಕ್ಕೆ. ನಾದಿರಾಳ ಮದುವೆ ಮಾಡಿದ್ದು ತಂದೆ, ಗಂಡನಿಂದ ಬೇರ್ಪಡಿಸಿದ್ದೂ ತಂದೆ. ಅವಳನ್ನು ಒಂದು ಮಾತು ಕೇಳಿದವರಿಲ್ಲ. ಇಂದಿರೆಗೆ ಓಡಿಹೋಗಲು, ಆಶ್ರಯ ಕೊಟ್ಟ ಅಮೃತರಾಯರ ಮನೆಯಿತ್ತು. ನಾದಿರಾಳಿಗೆ ಎಲ್ಲಿತ್ತು?

ದೊಡ್ಡಕ್ಕ: ಇಂದಿರೆಯದು ಉಳ್ಳವರ ಮನೆ ಎಂಬುದನ್ನೂ ಮರೆಯಬೇಡಿ. ಅವಳನ್ನು ಕಟ್ಟಿಹಾಕಿದ್ದು ಸಂಪ್ರದಾಯ, ಹಸಿವಲ್ಲ. ಎರಡೂ ಒಟ್ಟಿಗೆ ಬಂದರೆ ಕತೆ ಬೇರೆ.

ಮುಂಬೈ ಮಾವ: ನಮ್ಮ ಮನೆಯಲ್ಲಿ ಏನಿತ್ತು? ಬರಿಗಾಲಿನಲ್ಲಿ ಶಾಲೆಗೆ ನಡೆದು ನಾನು ಪದವಿ ಮಾಡಲಿಲ್ಲವೇ? ಛಲ ಇದ್ದವರು ಓದಿಯೇ ಓದುತ್ತಾರೆ.

ಚಿಕ್ಕಮ್ಮ: ತಮ್ಮ, ನೀನು ಕಷ್ಟಪಟ್ಟದ್ದು ನಿಜ. ಆದರೆ ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟದ್ದು ಛಲವಿಲ್ಲದೆ ಅಲ್ಲ. ಅಪ್ಪ ತೀರಿಕೊಂಡ ವರ್ಷ ಅಮ್ಮ, ಎಲೆ ಕೊಟ್ಟು ಸುತ್ತಿದ ಬೀಡಿ ತೆಗೆದುಕೊಳ್ಳುವ ಬೀಡಿ ಬ್ರಾಂಚಿನಿಂದ ಎಲೆ ತಂದು ನನ್ನ ಮುಂದೆಯೂ ಒಂದು ತಡ್ಪೆ (ಮೊರ) ಇಟ್ಟರು. ಎಲೆ ನೆನೆಸಿ, ತಗಡಿನ ಅಳತೆ ಇಟ್ಟು ಕತ್ತರಿಸಿ, ಹೊಗೆಸೊಪ್ಪು ತುಂಬಿ ಸುತ್ತಿ, ನೂಲು ಕಟ್ಟಿ ಸಾವಿರ ಆಗುವಾಗ ದೀಪ ಹಚ್ಚುವ ಹೊತ್ತು. ಮರುದಿನ ಬ್ರಾಂಚಿನವನು ಕಟ್ಟು ಬಿಡಿಸಿ, ಬೀಡಿಯ ಬಾಯಿ ಸರಿಯಾಗಿ ಮಡಚಿಲ್ಲ ಎಂದು ಐವತ್ತನ್ನು ಬದಿಗೆ ಹಾಕಿದರೆ ಅದಕ್ಕೆ ದುಡ್ಡಿಲ್ಲ. ನೀನು ಕಾಲೇಜಿಗೆ ಶುಲ್ಕ ಕಟ್ಟಬೇಕಾದದ್ದು ಮಳೆಗಾಲದಲ್ಲಿ. ಬೀಡಿಗೆ ಬೂಸ್ಟು ಬಾರದಿರಲಿ ಎಂದು ಒಲೆಯ ಪಕ್ಕದಲ್ಲಿ ಒಣಗಿಸುತ್ತಾ ಕುಳಿತಿರುತ್ತಿದ್ದೆ. ನೀನು ಅದೇ ಒಲೆಯ ಬೆಳಕಿನಲ್ಲಿ ಓದುತ್ತಿದ್ದೆ. ಗಣಿತದಲ್ಲಿ ನಿನ್ನ ತಪ್ಪು ನನಗೆ ಕಾಣುತ್ತಿತ್ತು.

ದೊಡ್ಡಕ್ಕ: ಚಿಕ್ಕಮ್ಮ, ಇದನ್ನು ನನಗೂ ಹೇಳಿರಲಿಲ್ಲ.

ಪುಟ್ಟಿ: ಬಡ ಹುಡುಗಿ ಓದಿ ಮೇಲೆ ಬಂದ ಕತೆಗಳನ್ನು ನಾನೂ ಆಸೆಯಿಂದ ಓದುತ್ತೇನೆ. ಆದರೆ ಅವಳ ಪಕ್ಕದಲ್ಲಿ ಕುಳಿತು ಬೀಡಿ ಸುತ್ತಿದವಳು ಎರಡನೆಯ ಅಧ್ಯಾಯದಲ್ಲೇ ಕಾಣೆಯಾಗುತ್ತಾಳೆ. ಅವಳೂ ಅದೇ ವಯಸ್ಸಿನಲ್ಲಿ ದೊಡ್ಡವಳಾದವಳಲ್ಲವೇ? ನನಗೆ ಅವಳ ಕಾದಂಬರಿ ಬೇಕು.

ಮುಂಬೈ ಮಾವ: ಅಕ್ಕ, ನಿನ್ನ ಮಾತಿಗೆ ಎದುರಾಡುವುದಿಲ್ಲ. ಆದರೂ ಗೆಲ್ಲುವ ಕತೆ ಬೇಡವೇ? ಮಕ್ಕಳಿಗೆ ಧೈರ್ಯ ಎಲ್ಲಿಂದ ಬರಬೇಕು?

ಚಿಕ್ಕಮ್ಮ: ಬೇಕು. ಯಾರ ಖರ್ಚಿನಲ್ಲಿ ಗೆದ್ದದ್ದು ಎಂದೂ ಅದರಲ್ಲಿ ಬರೆದಿರಲಿ. ಪುಟ್ಟಿ, ಭಾನುವಾರ ಬರುವಾಗ ಎರಡೂ ಪುಸ್ತಕ ತಾ. ಅಕ್ಷರ ಸಣ್ಣದಿದ್ದರೆ ನೀನೇ ಓದಿ ಹೇಳಬೇಕು.

ಮುಂಬೈ ಮಾವ: ಸಾವಿರಕ್ಕೆ ಆಗ ಎಷ್ಟು ಕೊಡುತ್ತಿದ್ದರು ಅಕ್ಕ? ನಾನು ಒಮ್ಮೆಯೂ ಕೇಳಿರಲಿಲ್ಲ.